ನಮ್ಮ ಗೇಟಿನ ಚಿತ್ರ ಕಳಿಸಿದವರು

ಹೋದ ವಾರ ವಸಂತಪುರದಿಂದ ಅವರ ಅಣ್ಣನ ಮಗ ಫೋನ್ ಮಾಡಿದ್ದರು. "ಮೇಡಂ, ಅತ್ತೇದು ಮುಖ ಚೆನ್ನಾಗಿ ಕಾಣೋ ಥರ ಒಂದು ಫೋಟೋ ಇದ್ರೆ ಕಳಿಸ್ತೀರಾ? ಹೊಸ ಪೋಸ್ಟರ್ ಮಾಡಿಸ್ತಿದೀವಿ. ಹಳೇದ್ರಲ್ಲಿರೋದು ತುಂಬಾ ವರ್ಷದ ಹಿಂದಿಂದು, ಗುರುತೇ ಸಿಗಲ್ಲ" ಎಂದರು. ನಾನು ಫೋನನ್ನೆಲ್ಲ ಜಾಲಾಡಿದೆ. ಅವರ ಕೈಯ ಫೋಟೋ ಇದೆ, ಅಂಟು ಮೆತ್ತಿದ ಬೆರಳಿನ ಫೋಟೋ ಇದೆ, ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ನೇತುಹಾಕಿದ ಕಾರ್ಡುಗಳ ಫೋಟೋ ಬೇಕಾದಷ್ಟಿದೆ. ಮುಖ ಮಾತ್ರ ಒಂದರಲ್ಲೂ ಇಲ್ಲ. ನಾನು ಫೋನ್ ಎತ್ತಿದರೆ ಸಾಕು, "ನನ್ನನ್ನ ಯಾಕಮ್ಮ ಹಿಡೀತೀಯಾ, ಕಾರ್ಡು ಹಿಡಿ" ಎಂದು ಪಕ್ಕಕ್ಕೆ ತಿರುಗಿಬಿಡುತ್ತಿದ್ದರು.

ಫೋಟೋ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೆಸರು ಹಿಡಿದು ಕೂಗಿದರೆ ಈಗ ಅವರು ತಿರುಗಿ ನೋಡುವುದಿಲ್ಲ, ಆದ್ದರಿಂದ ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಬೇರೆ ಗುರುತು ಹೇಳುತ್ತೇನೆ. ಕುಳ್ಳಗಿದ್ದಾರೆ. ಹತ್ತಿ ಸೀರೆಗೆ ಓಡುವವರ ಶೂ ಹಾಕುತ್ತಾರೆ. ತುರುಬಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾರೆ. ಬಸ್ಸಿನಲ್ಲಿ, ಕ್ಯೂನಲ್ಲಿ, ದೇವಸ್ಥಾನದಲ್ಲಿ, ಪಕ್ಕದಲ್ಲಿ ನಿಂತ ಹೆಂಗಸಿನ ಸೆರಗನ್ನು ಕೇಳದೆ ಎತ್ತಿ, ಅಂಚನ್ನು ಮಗುಚಿ ಹಿಂಬದಿಯ ದಾರ ನೋಡುತ್ತಾರೆ. ಹಾಗೆ ಯಾರಾದರೂ ನಿಮ್ಮ ಸೆರಗು ಹಿಡಿದರೆ ದಯವಿಟ್ಟು ಬೈಯಬೇಡಿ. ಕೈ ಹಿಡಿದು ಅಲ್ಲೇ ಕೂರಿಸಿಕೊಳ್ಳಿ.

ನಾನಂತೂ ಮೊದಲ ಭೇಟಿಯಲ್ಲೇ ಬೈದವಳು.

ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ. ನಾನು ಜಯನಗರದ ಒಂದು ವಿಮಾ ಕಚೇರಿಯಲ್ಲಿ ಕೌಂಟರಿನಲ್ಲಿ ಕೂರುವವಳು. ನಮ್ಮವರು ನಿವೃತ್ತರಾಗಿ ವರಾಂಡದಲ್ಲಿ ಪೇಪರ್ ಓದುವವರು. ಮನೆಯ ಗೇಟಿನ ಮೇಲಿನ ಕೀಲು ಯಾವ ಕಾಲದಲ್ಲೋ ಮುರಿದಿತ್ತು. ಗೇಟು ಒಂದು ಕಡೆ ಜೋತುಬಿದ್ದು, ತೆರೆದಾಗಲೆಲ್ಲ ಕರ್ರ್ ಎಂದು ನೆಲ ಕೆರೆದು ಕೆರೆದು, ಸಿಮೆಂಟಿನ ಮೇಲೆ ಕಮಾನಿನಂಥ ಗೀರು ಮೂಡಿತ್ತು. ಬಂದ ನೆಂಟರೆಲ್ಲ ಆಡಿಕೊಂಡು ನಕ್ಕಿದ್ದರು. ನಾನು ಹೇಳಿ ಹೇಳಿ ಬಾಯಿ ಸೋತಿತ್ತು. ನಮ್ಮವರದು ಒಂದೇ ಉತ್ತರ, "ಮಾಡಿಸೋಣ ಬಿಡೇ, ಗೇಟೇನು ಓಡಿಹೋಗತ್ತಾ?"

ಒಂದು ದಿನ ಪೋಸ್ಟಿನಲ್ಲಿ ದಪ್ಪ ಕಾಗದದ ಕಾರ್ಡೊಂದು ಬಂತು. ನಮ್ಮ ಹೆಸರಿಲ್ಲ. "ಈ ಮನೆಯಲ್ಲಿ ಇರುವವರಿಗೆ" ಎಂದು ಬರೆದು ಕೆಳಗೆ ನಮ್ಮ ವಿಳಾಸ ಸರಿಯಾಗಿ ಬರೆದಿತ್ತು. ತಿರುಗಿಸಿದರೆ ನಮ್ಮ ಗೇಟು! ಕಪ್ಪು ಶಾಯಿಯಲ್ಲಿ, ಜೋತುಬಿದ್ದ ಹಾಗೇ, ಮುರಿದ ಕೀಲು, ನೆಲದ ಗೀರು, ಒಳಗೆ ಮಗುಚಿಬಿದ್ದ ನಮ್ಮವರ ಒಂದು ಚಪ್ಪಲಿ ಸಮೇತ. ಚಿತ್ರದ ಪಕ್ಕದಲ್ಲಿ ಅರ್ಧ ಕಾರ್ಡು ಖಾಲಿ. ಕೆಳಗೆ ಸಣ್ಣಕ್ಷರದಲ್ಲಿ, "ಸೇರಿಸಿ, ಮುಂದಕ್ಕೆ ಕಳಿಸಿ."

ನಮ್ಮವರ ಮುಖ ಬಿಳಿಚಿಕೊಂಡಿತು. "ಯಾರೋ ಮನೆ ನೋಡ್ಕೊಂಡು ಹೋಗಿದಾರೆ ಕಣೇ. ಕಳ್ಳರು ಹೀಗೇ ಗುರುತು ಮಾಡ್ಕೊಳ್ಳೋದಂತೆ."

"ಕಳ್ಳ ಫ್ರಮ್ ಅಡ್ರೆಸ್ ಬರೀತಾನೇನ್ರೀ?" ಎಂದೆ. ಟು ವಿಳಾಸಕ್ಕಿಂತ ಸ್ಪಷ್ಟವಾಗಿ, ದುಂಡಗೆ, ಅಡಿಗೆರೆ ಹಾಕಿ ಫ್ರಮ್ ವಿಳಾಸ ಬರೆದಿತ್ತು. ಕುಮಾರಸ್ವಾಮಿ ಲೇಔಟು. ಧೈರ್ಯ ಹೇಳಿದೆನಾದರೂ ಅವತ್ತು ರಾತ್ರಿ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡಿ ಬಂದೆ. ನಮಗೆ ಗೊತ್ತಿಲ್ಲದ ಕಣ್ಣೊಂದು ನಮ್ಮ ಬಾಗಿಲ ಎದುರು ಅಷ್ಟು ಹೊತ್ತು ನಿಂತಿತ್ತಲ್ಲ!

ಭಾನುವಾರ ಬೆಳಗ್ಗೆ ಕಾರ್ಡು ಹಿಡಿದು ಜಗಳಕ್ಕೇ ಹೋದೆ. ಹೊರಗಿನ ಮೆಟ್ಟಿಲು ಹತ್ತಿದರೆ ಮೊದಲನೇ ಮಹಡಿಯಲ್ಲಿ ಎರಡು ರೂಮಿನ ಬಾಡಿಗೆ ಮನೆ. ಬಾಗಿಲು ತೆಗೆದವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾರ್ಡು ನೋಡಿದರು. "ಬಂದ್ರಾ? ಏನು ಸೇರಿಸಿದ್ರಿ?"

"ಏನ್ರೀ ಸೇರಿಸೋದು? ಯಾರ ಮನೆ ಗೇಟನ್ನ ಯಾರು ಬರೆಯೋದು? ಕೇಳೋರಿಲ್ವಾ?" ಎಂದು ಶುರುಮಾಡಿದೆ. ಕೌಂಟರಿನಲ್ಲಿ ಪಳಗಿದ ಬಾಯಿ ನನ್ನದು, ಪೂರ್ತಿ ಬಿಟ್ಟೆ. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಇಷ್ಟು: "ಆ ಕೀಲು ಚೆನ್ನಾಗಿ ಬಂದಿದೆಯಾ?" ಬಂದಿತ್ತು. ಹಾಳಾದ್ದು, ಅದನ್ನು ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವರು ನನ್ನ ಸೆರಗಿನ ಅಂಚನ್ನು ಮಗುಚಿ ನೋಡುತ್ತಿದ್ದರು.

ರೇಷ್ಮೆ ಸೀರೆ ನೇಯುವ ಒಂದು ಮಿಲ್ಲಿನಲ್ಲಿ ಅವರು ಅಂಚಿನ ವಿನ್ಯಾಸ ಬರೆಯುತ್ತಿದ್ದವರು. ಗ್ರಾಫ್ ಹಾಳೆಯ ಚೌಕಗಳನ್ನು ಒಂದೊಂದಾಗಿ ತುಂಬುತ್ತ ಹಂಸ, ಮಾವಿನಕಾಯಿ, ರುದ್ರಾಕ್ಷಿ. ಮದುವೆಯಾಗಲಿಲ್ಲ. ಯಾಕೆಂದು ಯಾರೂ ಕೇಳುವಂತಿರಲಿಲ್ಲ, ಆ ಕಾನೂನಿನ ವಿಷಯ ಮುಂದೆ ಹೇಳುತ್ತೇನೆ. ಕೆಲಸ ಬಿಟ್ಟ ಮೇಲೆ ಹಿಡಿದದ್ದು ಈ ಕಾರ್ಡಿನ ಹುಚ್ಚು. ದಿನಾ ಬೆಳಗ್ಗೆ ವಾಕಿಂಗ್ ಹೋಗಿ, ಮನಸ್ಸಿಗೆ ಹಿಡಿದ ಮನೆಯ ಮುಂದೆ ನಿಂತು, ಗೇಟೋ ಕಿಟಕಿಯೋ ನೀರಿನ ಟ್ಯಾಂಕೋ ಬರೆದು, ಆ ಮನೆಗೇ ಪೋಸ್ಟ್ ಮಾಡುವುದು. ಬಹಳ ಜನ ಹರಿದು ಎಸೆದರು. ಒಬ್ಬರು ಪೊಲೀಸಿಗೆ ಹೇಳುತ್ತೇನೆಂದರು. ಉಳಿದುಕೊಂಡವರು ನಾವು ಮೂವರು.

ನಾನು. ಕತ್ರಿಗುಪ್ಪೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟ ನಾಗರಾಜಣ್ಣ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ಮೇಘನಾ ಎಂಬ ಹುಡುಗಿ. ಕಾರ್ಡು ಅವರಿಂದ ಹೊರಟು ನನ್ನ ಹತ್ತಿರ ಬರುತ್ತಿತ್ತು. ನಾನು ಏನಾದರೂ ಬರೆದು ನಾಗರಾಜಣ್ಣನಿಗೆ ಕಳಿಸುತ್ತಿದ್ದೆ, ಅವರು ಸುಟ್ಟ ಮೋಟರಿನ ತಾಮ್ರದ ತಂತಿಯನ್ನೋ ವಾಷರನ್ನೋ ಅಂಟಿಸಿ ಮೇಘನಾಗೆ ಕಳಿಸುತ್ತಿದ್ದರು, ಅವಳು ಬಣ್ಣ ಹಾಕಿ ಮರಳಿ ಕುಮಾರಸ್ವಾಮಿ ಲೇಔಟಿಗೆ. ಸುತ್ತು ಮುಗಿದ ಕಾರ್ಡನ್ನು ಅವರು ಬಾಗಿಲ ಪಕ್ಕದ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ಒಬ್ಬರ ಕೈ ಒಬ್ಬರಿಗೆ ಗೊತ್ತಾಗಿತ್ತು. ನನಗೆ ಬರುತ್ತಿದ್ದದ್ದು ಮರ ಮಾತ್ರ. ಶಾಲೆಯಲ್ಲಿ ಕಲಿತದ್ದು. ಯಾವ ಕಾರ್ಡು ಬಂದರೂ ಒಂದು ಮರ ನೆಡುತ್ತಿದ್ದೆ.

ಅವರ ಕಾನೂನು ಮೂರು. ಅಳಿಸಬಾರದು, ಮುಚ್ಚಬಾರದು, ಕೇಳಬಾರದು. "ಮಗ್ಗದಲ್ಲಿ ಅಳಿಸೋಕೆ ಆಗಲ್ಲ ಕಣಮ್ಮ. ತಪ್ಪು ಬಿದ್ರೆ ಅದನ್ನ ಇಟ್ಕೊಂಡೇ ಮುಂದಿನ ಹೂವು ಹಾಕಬೇಕು" ಎನ್ನುತ್ತಿದ್ದರು. ನಮ್ಮ ಸುತ್ತಿನಲ್ಲಿ ಮೊದಲು ಇದ್ದ ಒಬ್ಬ ಮಹಾಶಯರು ಇವರು ಬರೆದ ಕಾಗೆಯ ಮೇಲೆ ಬಿಳಿ ಬಳಿದು ಅದನ್ನು ಪಾರಿವಾಳ ಮಾಡಿದ್ದರಂತೆ. ಅವರ ವಿಳಾಸವನ್ನು ಇವರು ಅವತ್ತೇ ಹರಿದು ಹಾಕಿದರು. "ನನ್ನ ಕಾಗೆ ಏನು ಮಾಡಿತ್ತು ಅವನಿಗೆ?" ಎಂದು ವರ್ಷಗಟ್ಟಲೆ ಸಿಡುಕಿದರು. ಇನ್ನು ಮೂರನೆಯ ಕಾನೂನು. ಚಿತ್ರದ ಅರ್ಥ ಕೇಳಬಾರದು, ಬರೆದವರ ಸುದ್ದಿ ಕೇಳಬಾರದು. "ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಸುಮ್ನೆ ಬಿಟ್ರೆ ಕೈ ನಿಜ ಹೇಳತ್ತೆ." ನನ್ನಂಥ ಬಾಯಿಬಡುಕಿಗೆ ಇದು ಕಷ್ಟದ ಕಾನೂನು. ಆದರೂ ಪಾಲಿಸಿದೆ. ಕಚೇರಿಯಲ್ಲಿ ದಿನವಿಡೀ ಜನರ ಕಾಯಿಲೆ ಕೇಳಿ ಕೇಳಿ, ಏನೂ ಕೇಳದ ಒಂದು ಜಾಗ ನನಗೂ ಬೇಕಾಗಿತ್ತೋ ಏನೋ.

ಫ್ರಮ್ ವಿಷಯಕ್ಕೆ ಬಂದರೆ ಅವರು ರಾಕ್ಷಸಿ. ಒಮ್ಮೆ ನಾನು ಆತುರದಲ್ಲಿ ಬರೆಯದೆ ಕಳಿಸಿದ್ದಕ್ಕೆ ಬಿಸಿಲಿನಲ್ಲಿ ನಡೆದುಕೊಂಡು ನಮ್ಮ ಮನೆಗೇ ಬಂದಿದ್ದರು. "ಫ್ರಮ್ ಇಲ್ಲದ ಕಾರ್ಡು ದಿಕ್ಕಿಲ್ಲದ್ದು. ತಲುಪಬೇಕಾದ ಮನೆ ಸಿಗದೇ ಹೋದ್ರೆ ಅದು ಎಲ್ಲಿಗೆ ವಾಪಸ್ ಬರಬೇಕು, ಹೇಳು?" ಎಂದು ಗೇಟಿನಲ್ಲೇ ನಿಂತು ಕೇಳಿದ್ದರು. ಬೈದು ಮುಗಿಸಿ, ಮುರಿದ ಕೀಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ರಿಪೇರಿ ಮಾಡಿಸಿಬಿಟ್ಟೀರಾ ಮತ್ತೆ!" ಎಂದಿದ್ದರು. ನಮ್ಮವರಿಗೆ ಆನೆಬಲ ಬಂತು. "ನೋಡ್ದಾ, ಕಲಾವಿದರೇ ಹೇಳ್ತಿದಾರೆ."

ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಅವರಿಂದ ಬಂದ ಕಾರ್ಡು ಬೇರೆ ಥರ ಇತ್ತು. ಅವರದೇ ಮನೆ. ಹೊರಗಿನ ಮೆಟ್ಟಿಲು, ಕೆಳಗಿನ ಗೇಟು, ಮೀಟರ್ ಬಾಕ್ಸು, ಸಂಪಿನ ಮುಚ್ಚಳ. ಅವರ ಎಂದಿನ ತುಂಟತನ ಅದರಲ್ಲಿರಲಿಲ್ಲ. ಇಂಜಿನಿಯರು ಹಾಕಿದ ಪ್ಲಾನಿನ ಹಾಗೆ ಒಣಗಿ ನಿಂತಿತ್ತು. ಪಕ್ಕದ ಗೋಡೆ ಬೋಳಾಗಿ ಕಂಡಿತೆಂದು ನಾನು ಅಲ್ಲೊಂದು ಸಂಪಿಗೆ ಮರ ನೆಟ್ಟೆ. ನಾಗರಾಜಣ್ಣ ಮೆಟ್ಟಿಲಿಗೆ ತಾಮ್ರದ ತಂತಿಯ ಕಂಬಿ ಹಾಕಿದರು. ಮೇಘನಾ ಬಾಗಿಲಿಗೆ ನೀಲಿ ಬಳಿದು, ಮೀಟರ್ ಬಾಕ್ಸಿನ ಮೇಲೆ ಒಂದು ಬೆಕ್ಕು ಕೂರಿಸಿದಳು. ಅವರ ನಿಜವಾದ ಬಾಗಿಲು ಕಂದು. ಬೆಕ್ಕು ಇರಲೇ ಇಲ್ಲ.

ಮುಂದಿನ ತಿಂಗಳು ಮತ್ತೆ ಅದೇ ಮೆಟ್ಟಿಲು. ಈ ಸಲ ಸಂಪಿಗೆ ಮರವನ್ನು ಅವರೇ ಬರೆದಿದ್ದರು.

ಮೇಘನಾ ಫೋನ್ ಮಾಡಿ ಕುಣಿದಳು. "ಆಂಟಿ, ಅವರು ನಿಮ್ಮ ಮರಾನ ಇಟ್ಕೊಂಡಿದಾರೆ ನೋಡಿದ್ರಾ? ಇದೊಂದು ಸೀರೀಸ್! ಸಖತ್ ಐಡಿಯಾ." ನಾನೂ ಹಿಗ್ಗಿ ಹೀರೇಕಾಯಿಯಾದೆ. ಆ ಮರಕ್ಕೆ ಹೂವು ಬಿಡಿಸಿದೆ. ಮೂರನೆಯ ಸಲ ಬಂದ ಕಾರ್ಡಿನಲ್ಲಿ ಹೂವೂ ಇತ್ತು, ಕಂಬಿಯೂ ಇತ್ತು, ನೀಲಿ ಬಾಗಿಲೂ ಬೆಕ್ಕೂ ಇದ್ದವು. ಮೀಟರ್ ಬಾಕ್ಸು ಇರಲಿಲ್ಲ, ಬೆಕ್ಕು ಗಾಳಿಯಲ್ಲಿ ಕೂತಿತ್ತು. ಅದನ್ನು ನೋಡಿ ಎಂಥ ಕಲ್ಪನೆ ಎಂದು ನಾವು ಮೂವರೂ ಫೋನಿನಲ್ಲಿ ಅರ್ಧ ಗಂಟೆ ಹೊಗಳಿದೆವು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅವರ ಮನೆಗೆ ಹೋದಾಗ ಬೇರೆ ಸೂಚನೆಗಳೂ ಇದ್ದವು. ಒಲೆಯ ಮೇಲೆ ತಳ ಹತ್ತಿ ಕಪ್ಪಾದ ಪಾತ್ರೆ. ಫ್ರಿಜ್ಜಿನೊಳಗೆ ಕತ್ತರಿ. ಒಂದೇ ಮಾತನ್ನು ಎರಡು ಸಲ ಕೇಳುವುದು. ಒಂದು ದಿನ ತಡೆಯಲಾರದೆ, "ಆಂಟಿ, ಹುಷಾರಾಗಿದೀರಾ? ಯಾಕೋ ಒಂಥರಾ ಇದೀರಲ್ಲ" ಎಂದೆ. ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ನನ್ನನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕೋಪವಲ್ಲ, ಹೆದರಿಕೆ. "ಕೇಳಬಾರದು ಅಂತ ಹೇಳಿಲ್ವಾ?" ಎಂದು ಒಳಗೆ ಹೋದರು. ಆ ಬಾಗಿಲಿನ ಪಕ್ಕದ ಹಗ್ಗದಲ್ಲಿ ಮೆಟ್ಟಿಲಿನ ಕಾರ್ಡು ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಒಂದು ಶನಿವಾರ ಮಧ್ಯಾಹ್ನ. ಕುಮಾರಸ್ವಾಮಿ ಲೇಔಟಿನಲ್ಲಿ ತರಕಾರಿ ತೆಗೆದುಕೊಂಡು ಬರುತ್ತಿದ್ದೆ. ಅವರ ಮನೆಯಿಂದ ಸ್ವಲ್ಪ ಆಚೆಯ ಅಡ್ಡರಸ್ತೆಯಲ್ಲಿ ನಾಲ್ಕು ಜನ ಸೇರಿದ್ದರು. ಗೇಟಿನ ಒಳಗೆ ಮೆಟ್ಟಿಲ ಮೇಲೆ ಇವರು. ಕೆಳಗೆ ಆ ಮನೆಯ ಯಜಮಾನಿ, "ಯಾರ್ರೀ ಇವರು? ಸೀದಾ ಬಂದು ಮೇಲೆ ಹತ್ತತಿದಾರೆ, ಹೇಳಿದ್ರೆ ಇಳೀತಿಲ್ಲ" ಎಂದು ಕೂಗುತ್ತಿದ್ದರು. ಆ ಮನೆಯ ಬಾಗಿಲು ನೀಲಿ. ಗೋಡೆಯ ಪಕ್ಕ ಮೈತುಂಬ ಹೂವು ಬಿಟ್ಟ ಸಂಪಿಗೆ ಮರ.

ನನ್ನನ್ನು ಕಂಡದ್ದೇ ಇವರ ಮುಖ ಅರಳಿತು. ಕೈಯಲ್ಲಿ ಕಾರ್ಡು ಎತ್ತಿ ತೋರಿಸಿದರು. "ಬಾಮ್ಮ, ಸದ್ಯ ಬಂದೆ. ನೀನೇ ಹೇಳು ಇವರಿಗೆ. ನಮ್ಮನೆ ಸಂಪಿಗೆ ಮರ ನೀನೇ ಅಲ್ವಾ ನೆಟ್ಟಿದ್ದು?"

ಅವರು ಸೀರೀಸ್ ಮಾಡುತ್ತಿರಲಿಲ್ಲ. ದಾರಿ ಮರೆಯತೊಡಗಿದ ಹೆಂಗಸು ತನ್ನ ಮನೆಯ ಗುರುತನ್ನು ಬರೆದು, ಕಳೆದುಹೋಗದಿರಲೆಂದು ನಮ್ಮ ಕೈಗಳಲ್ಲಿ ಸುತ್ತಿಸಿ ವಾಪಸ್ ತರಿಸಿಕೊಳ್ಳುತ್ತಿದ್ದರು. ನಾವು ಅದಕ್ಕೆ ಮರ ನೆಟ್ಟು, ಬಣ್ಣ ಬಳಿದು, ಬೆಕ್ಕು ಕೂರಿಸಿ, ಇಲ್ಲದ ಮನೆಯೊಂದನ್ನು ಕಟ್ಟಿಕೊಟ್ಟಿದ್ದೆವು. ಅವರು ಅದನ್ನು ಹಿಡಿದು ಆ ಮನೆಯನ್ನೇ ಹುಡುಕಿಕೊಂಡು ಹೊರಟಿದ್ದರು.

ಅವರ ಮನೆಗೆ ಕರೆತಂದು ನೀರು ಕೊಟ್ಟೆ. ನಾನು ಕೇಳಲಿಲ್ಲ, ಅವರೇ ಹೇಳಿದರು. "ಡಾಕ್ಟರ್ ಹೇಳಿ ಒಂದು ವರ್ಷದ ಮೇಲಾಯ್ತು. ಅಳಿಸಿಕೊಂಡು ಹೋಗ್ತಾ ಇದೆಯಂತೆ, ಒಂದೊಂದೇ."

"ಮೊದಲೇ ಹೇಳಬಾರದಿತ್ತಾ ಆಂಟಿ?" ಎಂದು ಅತ್ತುಬಿಟ್ಟೆ. "ಹಾಳು ಮರ! ಕೊಡಿ ಇಲ್ಲಿ, ಇನ್ನೊಂದು ಕಾರ್ಡು ಬರೆಯೋಣ. ಇರೋದು ಇರೋ ಹಾಗೇ. ಏನೂ ಸೇರಿಸಲ್ಲ."

"ಆಗಲ್ಲ" ಎಂದರು. "ಸೇರಿಸಿದ್ದನ್ನ ತೆಗೆಯೋ ಹಾಗಿಲ್ಲ. ಕಣ್ಣು ಮುಚ್ಚಿದ್ರೆ ನಂಗೆ ಈಗ ಕಾಣೋದು ಅದೇ ಮನೆ." ಕಾರ್ಡನ್ನು ಸೆರಗಿನೊಳಗೆ ಸೇರಿಸಿಕೊಂಡರು. "ದಾರಿ ತಪ್ಪೋದಕ್ಕೆ ಹೆದರಿಕೆ ಇಲ್ಲಮ್ಮ. ಸಿಕ್ಕಿದವರು ನನ್ನನ್ನ ಎಲ್ಲಿಗೆ ತಲುಪಿಸ್ತಾರೋ, ಅದಕ್ಕೆ ಹೆದರಿಕೆ."

ಅವರ ಅಣ್ಣನ ಮಗನಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ. ವಿಷಯ ಅವರಿಗೆ ಗೊತ್ತಿತ್ತು, ಯಾರಿಗೂ ಹೇಳಕೂಡದೆಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರಂತೆ. ಕನಕಪುರ ರಸ್ತೆಯ ಕಡೆ ಇಂಥವರನ್ನು ನೋಡಿಕೊಳ್ಳುವ ಒಂದು ಜಾಗವಿದೆ, ಚೊಕ್ಕವಾಗಿದೆ, ಮುಂದಿನ ಭಾನುವಾರ ಸೇರಿಸುತ್ತೇವೆ ಎಂದರು. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದರು. ನಾನೂ ಜೊತೆಗಿದ್ದೆ. ಉದ್ದನೆಯ ಒಂದು ಓಣಿ, ಎರಡು ಕಡೆಯೂ ಒಂದೇ ಥರದ ಬಾಗಿಲುಗಳು, ಒಂದೇ ಬಣ್ಣ. ಆಂಟಿ ಕೊನೆಯ ತನಕ ನಡೆದು, ತಿರುಗಿ, ಯಾವ ಬಾಗಿಲಿನಿಂದ ಬಂದೆವೆಂದು ಹುಡುಕಿದರು.

ಆ ಭಾನುವಾರಕ್ಕೆ ಹಿಂದಿನ ದಿನ ನಮ್ಮ ಮನೆ ಮುಂದೆ ಆಟೋ ನಿಂತಿತು. "ಅಕ್ಕ, ಈ ಅಜ್ಜಿನ ಇಲ್ಲೇ ಬಿಡಬೇಕಂತೆ. ಮಾತೇ ಆಡ್ತಿಲ್ಲ, ಇದನ್ನ ತೋರಿಸ್ತಾರೆ" ಎಂದ ಆಟೋದವನು.

ಸೆರಗಿಗೆ ಪಿನ್ನು ಹಾಕಿ ಒಂದು ಕಾರ್ಡು ಸಿಕ್ಕಿಸಿಕೊಂಡಿದ್ದರು. ಮೂಲೆಯಲ್ಲಿ ಸ್ಟಾಂಪು ನೀಟಾಗಿ ಅಂಟಿಸಿತ್ತು. "ಈ ಮನೆಯಲ್ಲಿ ಇರುವವರಿಗೆ" ಎಂದು ಬರೆದು ನಮ್ಮ ವಿಳಾಸ. ಅಕ್ಷರಗಳು ಸೊಟ್ಟಸೊಟ್ಟಗಿದ್ದವು. ಹಿಂದೆ ನಮ್ಮ ಗೇಟು, ಅದೇ ಮುರಿದ ಕೀಲು, ಅದೇ ಗೀರು. ಎಲ್ಲ ಮರೆತ ಕೈ ನಮ್ಮ ಗೇಟನ್ನು ಒಂದು ಗೆರೆ ತಪ್ಪದೆ ನೆನಪಿಟ್ಟುಕೊಂಡಿತ್ತು. ಅದರ ಮೇಲೆ ಯಾರೂ ಏನೂ ಸೇರಿಸಿರಲಿಲ್ಲ. ಫ್ರಮ್ ಎಂದು ಬರೆದು ಅಡಿಗೆರೆಗಳನ್ನು ಎಳೆದಿದ್ದರು. ಗೆರೆಗಳ ಮೇಲೆ ಏನೂ ಇರಲಿಲ್ಲ.

ಅವರು ಆಟೋದಿಂದ ಇಳಿದು ಕೀಲನ್ನು ಹೆಬ್ಬೆರಳಿನಿಂದ ಸವರಿ ಒಳಗೆ ಬಂದರು. ನನ್ನ ಹೆಸರು ಗೊತ್ತಿರಲಿಲ್ಲ. "ಏನು ಸೇರಿಸ್ತೀರಿ?" ಎಂದು ಕೇಳಿದರು.

"ಫ್ರಮ್ ಯಾಕೆ ಬರೆದಿಲ್ಲ ಆಂಟಿ?"

"ವಾಪಸ್ ಹೋಗೋ ಜಾಗ ಇಲ್ಲಮ್ಮ."

"ಹಾಗಾದ್ರೆ ನಮ್ಮ ಅಡ್ರೆಸ್ಸೇ ಬರೀರಿ."

ಅವರು ಬಹಳ ದಿನದ ಮೇಲೆ ನಕ್ಕರು. "ಟೂನೂ ಅದೇ, ಫ್ರಮ್ಮೂ ಅದೇ ಆದ್ರೆ ಕಾರ್ಡು ಎಲ್ಲಿಗೆ ಹೋಗತ್ತೆ?"

ಮಾರನೆಯ ದಿನ ಅಣ್ಣನ ಮಗ ಕಾರು ತಂದಾಗ ಬಾಗಿಲಲ್ಲಿ ನಿಂತವರು ನಮ್ಮವರು. ಒಂದು ಗೇಟು ರಿಪೇರಿ ಮಾಡಿಸಲಾಗದ ಮನುಷ್ಯ! "ಸದ್ಯಕ್ಕೆ ಇಲ್ಲೇ ಇರಲಿ ಸಾರ್. ನಮ್ಮ ಮನೆಗೆ ಅಂತ ಬಂದಿದಾರೆ" ಎಂದರು. ನನಗೆ ಅವರ ಮೇಲೆ ಅವತ್ತು ಬಂದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ.

ಆಂಟಿ ಮುಂದಿನ ಕೋಣೆಯಲ್ಲಿ ಇದ್ದರು. ದಿನಾ ಬೆಳಗ್ಗೆ ನನ್ನ ಸೆರಗು ಮಗುಚಿ, "ಯಾವ ಮಿಲ್ಲಿಂದು?" ಎಂದು ಹೊಸದಾಗಿ ಕೇಳುತ್ತಿದ್ದರು. ನಮ್ಮ ರಸ್ತೆಯ ತುದಿಯಲ್ಲಿ ಕೆಂಪು ಪೋಸ್ಟ್ ಡಬ್ಬವಿದೆ, ವರಾಂಡದಿಂದ ಕಾಣುತ್ತದೆ. ಹತ್ತು ಗಂಟೆಗೆ ನಾನು ಕಚೇರಿಗೆ ಹೊರಡುವ ಮುನ್ನ ಒಂದು ಖಾಲಿ ಕಾರ್ಡು ಕೊಡುತ್ತಿದ್ದೆ. ಅದನ್ನು ಡಬ್ಬಕ್ಕೆ ಹಾಕಿ, ನಡೆದು ಬಂದು, ಕೀಲು ಸವರಿ, ಕಾಲಿನಿಂದ ನೆಲದ ಗೀರು ತಡವಿ, ಒಳಗೆ ಬರುತ್ತಿದ್ದರು. ನಮ್ಮವರು ಪೇಪರಿನ ಮರೆಯಿಂದ ಅವರನ್ನೇ ನೋಡುತ್ತ ಕೂರುತ್ತಿದ್ದರು. ಮನೆಯೊಳಗೆ ಬಚ್ಚಲು ಯಾವುದು ಅಡುಗೆಮನೆ ಯಾವುದು ತಿಳಿಯುತ್ತಿರಲಿಲ್ಲ. ಗೇಟು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಯುಗಾದಿ ಹತ್ತಿರ ಬಂತು. ನಮ್ಮವರಿಗೆ ಅದೆಲ್ಲಿಂದ ಉತ್ಸಾಹ ಬಂತೋ. ಮನೆಗೆ ಒಬ್ಬರು ಹಿರಿಯರು ಬಂದಿದ್ದಾರೆ, ಆ ಗೇಟನ್ನು ಎಳೆಯುವಾಗ ಅವರ ಕೈಗೆ ನೋವಾಗುತ್ತದೆ, ಹಬ್ಬಕ್ಕೆ ಇವಳಿಗೂ ಖುಷಿಯಾಗಲಿ ಎಂದು ನನಗೆ ಹೇಳದೆ ವೆಲ್ಡಿಂಗ್ ಹುಡುಗನನ್ನು ಕರೆಸಿದರು. ಆಂಟಿ ಡಬ್ಬದ ಕಡೆ ಹೋಗಿ ಬರುವಷ್ಟರಲ್ಲಿ ಆಗುವ ಕೆಲಸವಲ್ಲವಲ್ಲ, ಅದಕ್ಕೆ ಅವತ್ತು ಅವರನ್ನು ಒಳಗೇ ಕೂರಿಸಿ, ತಿಂಡಿ ಕೊಟ್ಟು, ಬೆಳಗಿನಿಂದಲೇ ಶುರುಮಾಡಿಸಿದ್ದರು. ಹೊಸ ಕೀಲು ಕೂತಿತು. ಗೇಟು ನೆಟ್ಟಗಾಯಿತು. ನೆಲದ ಗೀರಿಗೆ ಸಿಮೆಂಟು ಮೆತ್ತಿ ಮುಚ್ಚಿದ್ದಾಯಿತು. ಮೇಲೆ ಹಸಿರು ಬಣ್ಣ. ಮಧ್ಯಾಹ್ನದ ಹೊತ್ತಿಗೆ ಅವರು ಹೊರಗೆ ಬಂದು ಕೆಂಪು ಡಬ್ಬದ ಕಡೆ ಕೈ ತೋರಿಸಿದರು. ಗೇಟು ಹಾರುಹೊಡೆದಿತ್ತು, ಹುಡುಗ ಗೋಡೆಯ ಕಂಬಿಗೆ ಬಣ್ಣ ಹೊಡೆಯುತ್ತಿದ್ದ. "ಹೋಗಿ ಬನ್ನಿ ಆಂಟಿ" ಎಂದು ನಮ್ಮವರೇ ಕಳಿಸಿದರು. ಅವರು ಆಚೆ ಹೋದ ಮೇಲೆ ಗೇಟು ಹೇಗೆ ಮುಚ್ಚಿಕೊಳ್ಳುತ್ತದೆ ನೋಡೋಣವೆಂದು ಮುಚ್ಚಿದರು. ಸದ್ದೇ ಇಲ್ಲ. ಖುಷಿಯಾಗಿ, ಹುಡುಗನಿಗೆ ದುಡ್ಡು ಕೊಟ್ಟು ಕಳಿಸಿ, ಕೈಯ ಬಣ್ಣ ತೊಳೆಯಲು ಒಳಗೆ ಹೋದರು. ಅಷ್ಟೇ.

ಮೂಲೆಯ ಎಳನೀರಿನವನು ಆಮೇಲೆ ಹೇಳಿದ. "ಅಜ್ಜಿ ಡಬ್ಬಕ್ಕೆ ಹಾಕಿ ವಾಪಸ್ ಬಂದ್ರು ಅಕ್ಕ. ನಿಮ್ಮ ಗೇಟ್ ಮುಂದೇನೇ ನಿಂತ್ರು. ಕಂಬದ ಹತ್ರ ಕೈ ಆಡಿಸಿ ಏನೋ ಹುಡುಕಿದ್ರು. ಚಪ್ಪಡಿನ ಕಾಲಲ್ಲಿ ಸವರಿದ್ರು. ಸೆರಗು ತಡವಿಕೊಂಡ್ರು. ಆಮೇಲೆ ಇದಲ್ಲ ಅನ್ನೋ ಥರ ತಲೆ ಆಡಿಸಿ ಮುಂದಕ್ಕೆ ಹೋದ್ರು. ವಾಕಿಂಗ್ ಅಂದ್ಕೊಂಡೆ ನಾನು."

ಠಾಣೆಯಲ್ಲಿ ದೂರು ಕೊಟ್ಟೆವು. ಒಂದು ಅಂಗಡಿಯ ಕ್ಯಾಮೆರಾದಲ್ಲಿ ಅವರು ಮುಖ್ಯರಸ್ತೆ ದಾಟುವುದು ಕಾಣುತ್ತದೆ. ನಡುವೆ ನಿಂತು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಬಸ್ಸೊಂದು ಅಡ್ಡ ಬರುತ್ತದೆ. ಬಸ್ಸು ಹೋದ ಮೇಲೆ ಅವರಿಲ್ಲ. ನಾಗರಾಜಣ್ಣ ಅಂಗಡಿ ಮುಚ್ಚಿ ಆಸ್ಪತ್ರೆಗಳನ್ನೆಲ್ಲ ಸುತ್ತಿದರು. ಮೇಘನಾ ಅಳುತ್ತ ಅಳುತ್ತ ಗೋಡೆಗೋಡೆಗೆ ಪೋಸ್ಟರು ಅಂಟಿಸಿದಳು. ನಮ್ಮವರು ಪೇಪರ್ ಮುಟ್ಟುವುದನ್ನೇ ಬಿಟ್ಟರು. ನಾನು ಬೈಯಲಿಲ್ಲ. ಎಷ್ಟೋ ವರ್ಷದಿಂದ ಮಾಡಿಸಿ ಮಾಡಿಸಿ ಎಂದು ಅವರ ಪ್ರಾಣ ತಿಂದವಳು ನಾನೇ, ಯಾವ ಬಾಯಲ್ಲಿ ಬೈಯಲಿ?

ಎರಡು ದಿನ ಬಿಟ್ಟು ಪೋಸ್ಟಿನಾಕೆ ಬಂದು ಒಂದು ಕಾರ್ಡು ಕೊಟ್ಟಳು. "ಈ ಮನೆಯಲ್ಲಿ ಇರುವವರಿಗೆ." ಆಟೋದಲ್ಲಿ ಬಂದ ದಿನ ಅವರು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಅದೇ ಕಾರ್ಡು. ಗೋಡೆಗೆ ನೇತುಹಾಕಿದ್ದೆ, ಅವತ್ತು ಖಾಲಿ ಕಾರ್ಡು ಬಿಟ್ಟು ಅದನ್ನೇ ತೆಗೆದುಕೊಂಡು ಹೋಗಿ ಡಬ್ಬಕ್ಕೆ ಹಾಕಿದ್ದರು. ಕಾರ್ಡು ಮನೆ ಸೇರಿತು. ಯಾರಿಗಾದರೂ ಅವರು ಸಿಕ್ಕರೂ, ಎಲ್ಲಿಗೆ ತಲುಪಿಸಬೇಕೆಂದು ಹೇಳುವ ಒಂದು ಚೂರು ಕಾಗದವೂ ಈಗ ಅವರ ಮೈಮೇಲಿಲ್ಲ.

ಮೊನ್ನೆ ಆ ವೆಲ್ಡಿಂಗ್ ಹುಡುಗನನ್ನು ಮತ್ತೆ ಕರೆಸಿದೆವು. ಮೇಲಿನ ಕೀಲು ಮುರಿದು ಹಾಕು ಎಂದೆ. ಅವನು ನಮ್ಮಿಬ್ಬರ ಮುಖವನ್ನೂ ನೋಡಿದ. "ಹೊಸ ಹಿಂಜು ಮೇಡಂ, ಚೆನ್ನಾಗೇ ಇದೆಯಲ್ಲ?" ಎಂದ. ನಮ್ಮವರು ತಾವೇ ಉಳಿ ಸುತ್ತಿಗೆ ತಂದು ನೆಲದ ಸಿಮೆಂಟು ಕೀಳಲು ಕೂತರು. ಹುಡುಗ ಕೀಲು ಮುರಿದ. ಕಂಬದ ಹತ್ತಿರ, ಹಸಿ ಬಣ್ಣದಲ್ಲಿ ಒತ್ತಿ ಒಣಗಿದ ಒಂದು ಪುಟ್ಟ ಅಂಗೈಯ ಗುರುತಿತ್ತು. "ಯಾರೋ ಕೈ ಇಟ್ಬಿಟ್ಟಿದಾರೆ ಅವತ್ತು. ಇದಕ್ಕೊಂದು ಕೋಟ್ ಹೊಡೆದು ಮುಚ್ಚಿಬಿಡ್ಲಾ?" ಎಂದು ಬ್ರಷ್ ತೆಗೆದ.

"ಮುಟ್ಟಬೇಡಪ್ಪ" ಎಂದೆ.

ಗೇಟು ಈಗ ಮೊದಲಿನ ಹಾಗೇ ಜೋತುಬಿದ್ದು ನೆಲ ಕೆರೆಯುತ್ತದೆ. ಹಾಲಿನವನು ಬಂದು ಅದು ಕರ್ರ್ ಎಂದರೂ ನಮ್ಮವರು ಒಳಗಿನಿಂದ ಓಡಿ ಬರುತ್ತಾರೆ.